ನರ್ಸಿಂಗ್ ಓದಿಗೆ ಹೊರಟವರು ಮೊದಲು ವಾರ್ಡು ನೋಡಲಿ

ಪಿಯುಸಿ ಫಲಿತಾಂಶ ಬಂದಮೇಲೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಕ್ಕಿ, ಬೇಳೆ, ಬೆಲ್ಲದ ದರದ ಮಾತಿನ ನಡುವೆ ಇನ್ನೊಂದು ವಿಚಾರಣೆ ಶುರುವಾಗುತ್ತದೆ. ಸಗಟು ಅಂಗಡಿಯ ಗುಮಾಸ್ತರು, ಹಮಾಲರು, ಖಾನಾಪುರದ ಕಡೆಯಿಂದ ಮಾಲು ಹೇರಿಕೊಂಡು ಹೋಗಲು ಬಂದ ಕಿರಾಣಿ ಅಂಗಡಿಯವರು ನಾಲ್ಕಕ್ಷರ ಓದಿದವರನ್ನು ಕಂಡರೆ ಕೇಳುತ್ತಾರೆ: "ನಮ್ಮ ಹುಡುಗಿನ ನರ್ಸಿಂಗಿಗೆ ಹಾಕೂದೈತ್ರಿ ಸರ್. ಎಎನ್‌ಎಂ ಛಲೋನೋ, ಜಿಎನ್‌ಎಂ ಛಲೋನೋ, ಬಿಎಸ್ಸೀನ ಮಾಡ್ಸಬೇಕೋ?" ಕೇಳುವವರ ಕೈಯಲ್ಲಿ ಯಾವುದೋ ಕಾಲೇಜಿನ ಬಣ್ಣದ ಹಾಳೆ ಇರುತ್ತದೆ. ಅದರಲ್ಲಿ ನಾಲ್ಕು ಮಹಡಿಯ ಕಟ್ಟಡ, ಬಿಳಿ ಕೋಟಿನ ಹುಡುಗಿಯರು, ಕೆಳಗೆ ನೌಕರಿಯ ಖಾತರಿ. ರೋಗಿ ಮಾತ್ರ ಎಲ್ಲೂ ಇರುವುದಿಲ್ಲ.

ಯಾವ ಕೋರ್ಸ್ ಎಂಬುದಕ್ಕೆ ಉತ್ತರ ಕಷ್ಟವೇನಲ್ಲ. ಎಎನ್‌ಎಂ ಎರಡು ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸರಿ. ಹಳ್ಳಿಯ ಉಪಕೇಂದ್ರ, ಲಸಿಕೆ, ಬಸುರಿ-ಬಾಣಂತಿಯರ ಆರೈಕೆಗೆ ಬೇಕಾದ ತರಬೇತಿ ಇದು. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಕಲಾ ವಿಭಾಗದವರಿಗೂ, ಹುಡುಗರಿಗೂ ಇದರಲ್ಲಿ ಜಾಗವಿದೆ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಜಿಎನ್‌ಎಂ ಮುಗಿಸಿದವರು ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಓದಿ ಪದವಿಗೆ ಏರಬಹುದು, ಅಲ್ಲಿಂದ ಎಂಎಸ್ಸಿಗೂ ಹೋಗಬಹುದು. ಜಿಎನ್‌ಎಂ, ಬಿಎಸ್ಸಿ ಎರಡರಲ್ಲಿ ಯಾವುದನ್ನು ಮುಗಿಸಿದರೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಮಿಡ್‌ವೈಫ್ ಎಂದು ಹೆಸರು ದಾಖಲಾಗುತ್ತದೆ. ಎಎನ್‌ಎಂ ಓದಿದವರ ನೋಂದಣಿ ಬೇರೆ. ಅಮೆರಿಕದಲ್ಲಿ ಪ್ರ್ಯಾಕ್ಟಿಕಲ್ ನರ್ಸ್, ರಿಜಿಸ್ಟರ್ಡ್ ನರ್ಸ್ ಎಂದು ಎರಡು ದರ್ಜೆ ಇರುವಂತೆ ನಮ್ಮಲ್ಲೂ ಎರಡು ದರ್ಜೆಗಳಿವೆ. ವ್ಯತ್ಯಾಸವೆಂದರೆ ನಮ್ಮ ಎಎನ್‌ಎಂ ಆಸ್ಪತ್ರೆಯಲ್ಲಿ ದೊಡ್ಡ ನರ್ಸಿನ ಕೈಕೆಳಗೆ ದುಡಿಯುವುದಕ್ಕಿಂತ ಹೆಚ್ಚಾಗಿ ಹಳ್ಳಿಯಲ್ಲಿ ಒಬ್ಬಳೇ ನಿಂತು ಕೆಲಸ ಮಾಡುತ್ತಾಳೆ. ಕಡಿಮೆ ತರಬೇತಿ ಪಡೆದವಳ ಮೇಲೆ ಹೆಚ್ಚು ಒಂಟಿ ಜವಾಬ್ದಾರಿ. ನಮ್ಮ ವ್ಯವಸ್ಥೆಯ ಈ ವಿಚಿತ್ರವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಈ ಮೂರರ ಆಚೆ ಇರುವುದೆಲ್ಲ ನರ್ಸಿಂಗ್ ಅಲ್ಲ. ಆರು ತಿಂಗಳ ಪೇಷಂಟ್ ಕೇರ್, ಒಂದು ವರ್ಷದ ನರ್ಸಿಂಗ್ ಅಸಿಸ್ಟಂಟ್, ಜನರಲ್ ಡ್ಯೂಟಿ ಅಸಿಸ್ಟಂಟ್ ಇವೆಲ್ಲ ಸಹಾಯಕರ ತರಬೇತಿಗಳು. ಸಹಾಯಕರೂ ಬೇಕು, ಆ ಕೆಲಸಕ್ಕೂ ಗೌರವವಿದೆ. ಆದರೆ ಅದನ್ನು ನರ್ಸಿಂಗ್ ಎಂದು ಮಾರುವುದು ಮೋಸ. ಆ ಪ್ರಮಾಣಪತ್ರ ಹಿಡಿದು ಹೋದರೆ ಪರಿಷತ್ತಿನಲ್ಲಿ ನೋಂದಣಿಯಾಗದು, ಸರ್ಕಾರಿ ನರ್ಸ್ ಹುದ್ದೆಗೆ ಅರ್ಜಿ ಹಾಕಲು ಬಾರದು. ಸಾಲ ಮಾಡಿ ಫೀ ಕಟ್ಟಿದ ಮನೆಗಳಿಗೆ ಇದು ತಿಳಿಯುವುದು ಕೋರ್ಸ್ ಮುಗಿದ ಮೇಲೆ.

ಈ ನೋಂದಣಿಗೆ ಬೆಳಗಾವಿಯಲ್ಲಿ ಒಂದು ವಿಶೇಷ ಚರಿತ್ರೆ ಇದೆ. 1956ರ ತನಕ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿನ ನರ್ಸುಗಳಿಗೆ ಅನ್ವಯಿಸುತ್ತಿದ್ದದ್ದು ಮುಂಬಯಿ ರಾಜ್ಯದ ಕಾಯ್ದೆ. ಕರ್ನಾಟಕದ ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್ ಕಾಯ್ದೆ ಬಂದದ್ದು 1961ರಲ್ಲಿ. ರೋಗಿಗಳ ಹೆಜ್ಜೆ ಮಾತ್ರ ಗಡಿ ಕೇಳಲಿಲ್ಲ. ವಿಲಿಯಂ ವಾನ್ಲೆಸ್ 1894ರಲ್ಲಿ ಕಟ್ಟಿದ ಮಿರಜದ ಮಿಷನ್ ಆಸ್ಪತ್ರೆಗೆ ಈ ಭಾಗದ ಜನ ತಲೆಮಾರುಗಳ ಕಾಲ ರೈಲು ಹತ್ತಿ ಹೋದರು. ಇತ್ತ ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆ ಇತ್ತು. ನಮ್ಮ ಸೀಮೆಯಲ್ಲಿ ಹೆಣ್ಣುಮಗಳು ಮನೆ ಬಿಟ್ಟು ಹೋಗಿ ಪರರ ಮೈ ಮುಟ್ಟುವ ಕೆಲಸ ಕಲಿಯಬಹುದು, ಅದರಿಂದ ಮಾನ ಹೋಗದು, ಸಂಬಳ ಬರುತ್ತದೆ ಎಂಬುದನ್ನು ಮೊದಲು ತೋರಿಸಿದ್ದು ಇಂಥ ಮಿಷನ್ ಆಸ್ಪತ್ರೆಗಳು. ಈಗಲೂ ಖಾನಾಪುರದ ಮರಾಠಿ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳು ಕೊಲ್ಲಾಪುರ, ಮಿರಜದ ಕಡೆ ನೋಡುತ್ತಾರೆ. ಹೋಗಲಿ, ತಪ್ಪಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ನೋಂದಣಿಯಾದವರು ಇಲ್ಲಿ ಕೆಲಸ ಮಾಡಬೇಕಾದರೆ ಕರ್ನಾಟಕದ ಪರಿಷತ್ತಿನಲ್ಲಿ ಮತ್ತೆ ಹೆಸರು ದಾಖಲಿಸಬೇಕು. ಹೊರಡುವ ಮುಂಚೆ ಅದು ತಿಳಿದಿರಲಿ.

ಕೋರ್ಸಿನ ಹೆಸರಿಗಿಂತ ಮುಖ್ಯವಾದದ್ದು ತರಬೇತಿಯ ಒಳಗೆ ಏನು ನಡೆಯುತ್ತದೆ ಎಂಬುದು. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಲಂಡನ್ನಿನ ನೈಟಿಂಗೇಲ್ ಶಾಲೆಗೆ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದ ಒಂದು ಕೆಲಸ ಜಗತ್ತಿನ ಹೆರಿಗೆ ಕೋಣೆಗಳನ್ನು ಬದಲಿಸಿದೆ. ಅದನ್ನು ಮಾಡಿದ ಕೈಗಳು ಎಎನ್‌ಎಂಗಳವು.

ಹೆರಿಗೆಯಾದ ಕೂಡಲೇ ಆಗುವ ಅತಿಯಾದ ರಕ್ತಸ್ರಾವ ತಾಯಂದಿರ ಸಾವಿನ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ಸೂಜಿ ಬೇಕು, ಚುಚ್ಚಲು ಬಲ್ಲವರು ಬೇಕು. ಕರೆಂಟು ನೆಚ್ಚಲಾಗದ ಹಳ್ಳಿಯಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ಬಾಯಿಗೆ ಹಾಕಿದರೆ ಸಾಕು. ಅದು ಹಳ್ಳಿಯ ಹೆರಿಗೆಯಲ್ಲಿ ಕೆಲಸ ಮಾಡೀತೇ ಎಂದು ಪರೀಕ್ಷಿಸಲು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಶಿವಪ್ರಸಾದ ಗೌಡರ, ಡಾ. ಭಾಲಚಂದ್ರ ಕೊಡಕಣಿ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರ ತಂಡ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಅಧ್ಯಯನ ನಡೆಸಿತು. ಅದರಲ್ಲಿ ಸೇರಿದ ತಾಯಂದಿರು 1620. ಹೆರಿಗೆ ಮಾಡಿಸಿದವರು 25 ಎಎನ್‌ಎಂಗಳು. ಹೆರಿಗೆ ನಡೆದದ್ದು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ.

ಎಷ್ಟು ರಕ್ತ ಹೋಯಿತು ಎಂದು ಕಣ್ಣಳತೆಯಲ್ಲಿ ಹೇಳುವವರು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಅದಕ್ಕಾಗಿ ಈ ತಂಡ ಒಂದು ಸರಳ ಸಾಧನ ಬಳಸಿತು. ಬಾಣಂತಿಯ ಕೆಳಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಂತೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರ್ ಗುರುತು. ಹುಟ್ಟಿದ ಕೂಸನ್ನು ಒರೆಸುತ್ತಲೇ ಎಎನ್‌ಎಂ ಆ ಗುರುತಿನ ಮೇಲೆ ಕಣ್ಣಿಟ್ಟಿರಬೇಕು. 500 ದಾಟಿತೆಂದರೆ ಅಪಾಯ. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ಅತಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಂಥದೇ ಗುರುತಿನ ಹಾಳೆಯನ್ನು ಮುಂದೆ ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲೂ ಬಳಸಿದರು. ಅದರ ವರದಿ 2023ರಲ್ಲಿ ಬಂತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಎಎನ್‌ಎಂ ಎಂದರೆ ಕೀಳು, ಬಿಎಸ್ಸಿ ಎಂದರೆ ಮೇಲು ಎಂದು ಪೇಟೆಯಲ್ಲಿ ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಡುತ್ತಾರೆ. ಎಎನ್‌ಎಂ ಓದಿದ ಹಳ್ಳಿಯ ಹೆಣ್ಣುಮಕ್ಕಳು ಔಷಧ, ಅಳತೆ, ದಾಖಲೆ ಮೂರನ್ನೂ ತಪ್ಪದೆ ಮಾಡಿದ್ದರಿಂದ ಜಗತ್ತು ನಂಬುವ ವಿಜ್ಞಾನ ಹುಟ್ಟಿತು. ಅವರಿಗೆ ಸಿಕ್ಕಿದ್ದು ಆ ಕೆಲಸಕ್ಕೆಂದೇ ಕೊಟ್ಟ ಒಳ್ಳೆಯ ತರಬೇತಿ, ಬೆನ್ನಿಗೆ ನಿಂತ ಮೇಲ್ವಿಚಾರಣೆ. ಈ ಎರಡು ಇಲ್ಲದ ಬಿಎಸ್ಸಿ ಪದವೀಧರೆ ಹೆರಿಗೆ ಕೋಣೆಯಲ್ಲಿ ಕಕ್ಕಾಬಿಕ್ಕಿಯಾಗುತ್ತಾಳೆ.

ಹೆರಿಗೆ ಕೋಣೆಯ ಕಲಿಕೆಯನ್ನೇ ನೋಡಿ. ಮಾಸು ಬಿದ್ದಮೇಲೆ ತಾಯಿಯ ಹೊಕ್ಕುಳ ಹತ್ತಿರ ಅಂಗೈ ಇಟ್ಟು ಗರ್ಭಕೋಶ ಬಿಗಿಯಾಗಿದೆಯೇ ನೋಡಬೇಕು. ಬಿಗಿಯಾಗಿದ್ದರೆ ಕ್ರಿಕೆಟ್ ಚೆಂಡು ಹಿಡಿದಂತೆ ಇರುತ್ತದೆ. ಮೆತ್ತಗಿದ್ದರೆ ಒಳಗೆ ರಕ್ತ ಹರಿಯುತ್ತಿರಬಹುದು ಎಂದರ್ಥ. ತಕ್ಷಣ ನೀವಬೇಕು, ಔಷಧ ಕೊಡಬೇಕು, ಡಾಕ್ಟರನ್ನು ಕೂಗಬೇಕು. ಪುಸ್ತಕದಲ್ಲಿ ಇದು ಎರಡು ಸಾಲು. ಕೌಶಲ ಪ್ರಯೋಗಾಲಯದ ರಬ್ಬರ್ ಬೊಂಬೆಯ ಹೊಟ್ಟೆ ಯಾವಾಗಲೂ ಒಂದೇ ಹದದಲ್ಲಿರುತ್ತದೆ. ಮೆತ್ತಗಿನದು ಗಟ್ಟಿಯಾಗುವ ಆ ಗಳಿಗೆಯನ್ನು ವಿದ್ಯಾರ್ಥಿನಿಯ ಕೈ ತಾನಾಗಿ ಅರಿಯಬೇಕಾದರೆ ಪಕ್ಕದಲ್ಲಿ ಅನುಭವಸ್ಥ ಸಿಸ್ಟರ್ ನಿಂತು, "ಇಲ್ಲಿ ಕೈ ಇಡವ್ವಾ, ಈಗ ನೋಡು" ಎನ್ನಬೇಕು. ಒಂದು ಸಲ ಸಾಲದು. ಪಠ್ಯಕ್ರಮ ಬಹುಕಾಲ ಇಪ್ಪತ್ತು ಸಹಜ ಹೆರಿಗೆಗಳನ್ನು ಸ್ವತಃ ಮಾಡಿಸಿ ಕೇಸ್‌ಬುಕ್ಕಿನಲ್ಲಿ ಬರೆಯಬೇಕೆಂದು ಕೇಳಿದ್ದು ಇದಕ್ಕಾಗಿಯೇ.

ಆ ಕೇಸ್‌ಬುಕ್ಕಿನ ಗತಿ ಏನಾಗಿದೆ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಹೆರಿಗೆಗಳೇ ಆಗದ ಆಸ್ಪತ್ರೆಗೆ ಅಂಟಿಕೊಂಡ ಕಾಲೇಜಿನಲ್ಲಿ ಇಪ್ಪತ್ತು ಹೆರಿಗೆ ಎಲ್ಲಿಂದ ಬರಬೇಕು? ಹಿಂದಿನ ವರ್ಷದವರ ಪುಸ್ತಕ ನೋಡಿ ಹೆಸರು, ವಯಸ್ಸು, ತೂಕ ಬದಲಿಸಿ ಬರೆಯುತ್ತಾರೆ. ಸಹಿಯೂ ಬೀಳುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ನರ್ಸಿಂಗ್ ಕಾಲೇಜಿಗೆ ನೂರು ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ ಇರಬೇಕು. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ನಿಂತಿದೆ. ಅಷ್ಟೂ ಕಾಲೇಜುಗಳ ಹಿಂದೆ ಅಷ್ಟೂ ಹಾಸಿಗೆಗಳು, ಆ ಹಾಸಿಗೆಗಳ ಮೇಲೆ ಅಷ್ಟೂ ರೋಗಿಗಳು ಇದ್ದಾರೆ ಎಂದು ನಂಬುವುದು ಕಷ್ಟ. ಇದಕ್ಕೆ ಸೇರಿ ಮಾನ್ಯತೆ ಕೊಡುವ ಅಧಿಕಾರ ಕೇಂದ್ರದ ಪರಿಷತ್ತಿನದೋ ರಾಜ್ಯದ್ದೋ ಎಂಬ ಜಗ್ಗಾಟ. ಅದು 2017ರಲ್ಲಿ ಕರ್ನಾಟಕ ಹೈಕೋರ್ಟಿನವರೆಗೂ ಹೋಗಿ, ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳು ತಮ್ಮ ಪದವಿ ಹೊರರಾಜ್ಯದಲ್ಲಿ ನಡೆಯುತ್ತದೋ ಇಲ್ಲವೋ ಎಂದು ದಿಗಿಲುಗೊಂಡರು. 1947ರ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆ ಬಂದಿದೆ. ಆ ಆಯೋಗ ಕಾಲೇಜುಗಳ ಕಟ್ಟಡ ಅಳೆಯುವುದರಲ್ಲೇ ಕಾಲ ಕಳೆಯದೆ ಕೇಸ್‌ಬುಕ್ಕುಗಳನ್ನು ತೆರೆದು ನೋಡಿದರೆ ಉಪಕಾರವಾದೀತು.

ಬೆಳಗಾವಿಯ ಮಟ್ಟಿಗೆ ಅದೃಷ್ಟದ ಸಂಗತಿಯೆಂದರೆ ಇಲ್ಲಿ ರೋಗಿಗಳ ಕೊರತೆ ಇಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆ, ಅಂದರೆ ಜನ ಇನ್ನೂ ಸಿವಿಲ್ ದವಾಖಾನಿ ಎಂದೇ ಕರೆಯುವ ಜಾಗಕ್ಕೆ, ಜಿಲ್ಲೆಯ ಮೂಲೆಮೂಲೆಯಿಂದ ಹೆರಿಗೆ, ಅಪಘಾತ, ಹಾವು ಕಡಿತ ಬರುತ್ತವೆ. ನೆಹರು ನಗರದಲ್ಲಿ ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ, ಅದರ ಜೊತೆಗೆ ಡೀಮ್ಡ್ ವಿಶ್ವವಿದ್ಯಾಲಯದಡಿಯ ನರ್ಸಿಂಗ್ ಸಂಸ್ಥೆ ಇದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಿಂದ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಲಸಿಕೆ ಹೋಗುತ್ತದೆ. 2021ರ ಜನವರಿಯಲ್ಲಿ ಈ ಭಾಗಕ್ಕೆ ಬಂದ ಕೊರೊನಾ ಲಸಿಕೆಯ ಮೊದಲ ಪೆಟ್ಟಿಗೆಗಳು ಇಳಿದದ್ದೂ ಅಲ್ಲೇ. ತಂಪಿನ ಸರಪಳಿ ಎಂದರೇನು ಎಂದು ಎಎನ್‌ಎಂ ವಿದ್ಯಾರ್ಥಿನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಪ್ರವೇಶದ ದಾರಿಯೂ ಮೊದಲಿಗಿಂತ ಸ್ವಚ್ಛವಾಗಿದೆ. 2023ರಿಂದ ಬಿಎಸ್ಸಿ ನರ್ಸಿಂಗಿನ ಸರ್ಕಾರಿ ಕೋಟಾದ ಸೀಟುಗಳನ್ನು ಸಿಇಟಿ ರ‍್ಯಾಂಕಿನ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತಿದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಮಕ್ಕಳಿಗೆ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ವಿದ್ಯಾರ್ಥಿವೇತನವಿದೆ. ಗೌಂಡಿ ಕೆಲಸದವರ ಮಕ್ಕಳಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಸಹಾಯವಿದೆ. ಏಜೆಂಟನ ಕೈಗೆ ಹಣ ಕೊಡುವ ಮುಂಚೆ ಇವನ್ನೆಲ್ಲ ವಿಚಾರಿಸಬೇಕು.

ಇನ್ನು ಭಾಷೆ. ಖಾನಾಪುರ ತಾಲೂಕಿನ ನಂದಗಡದ ಕನ್ನಡ ಶಾಲೆಯ ಹುಡುಗಿ, ಜಾಂಬೋಟಿಯ ಮರಾಠಿ ಶಾಲೆಯ ಹುಡುಗಿ ಇಬ್ಬರೂ ಮೊದಲ ವರ್ಷ ಅನಾಟಮಿ ಪುಸ್ತಕದ ಇಂಗ್ಲಿಷಿನ ಎದುರು ಕಣ್ಣೀರು ಹಾಕುತ್ತಾರೆ. ದಡ್ಡರಾಗಿ ಅಲ್ಲ. ಹತ್ತು-ಹನ್ನೆರಡು ವರ್ಷ ಒಂದು ಭಾಷೆಯಲ್ಲಿ ಕಲಿಸಿ ಒಂದೇ ಬೇಸಿಗೆಯಲ್ಲಿ ಇನ್ನೊಂದಕ್ಕೆ ಜಿಗಿ ಎಂದರೆ ಯಾರಿಗಾದರೂ ಕಷ್ಟವೇ. ವಿಚಿತ್ರವೆಂದರೆ ವಾರ್ಡಿಗೆ ಹೋದಾಗ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿ ಮುದುಕಿಯೊಬ್ಬಳು "ಎದಿಯಾಗ ಝುಮ್ಮಂತೈತಿ" ಎನ್ನುತ್ತಾಳೆ, ಪಕ್ಕದ ಹಾಸಿಗೆಯಾಕೆ ಮರಾಠಿಯಲ್ಲಿ, ಅದರಾಚೆಯವಳು ದಖನಿಯಲ್ಲಿ, ಗಡಿಯ ಕಡೆಯಿಂದ ಬಂದವಳು ಕೊಂಕಣಿಯಲ್ಲಿ ನೋವು ಹೇಳುತ್ತಾರೆ. ಆ ಝುಮ್ಮೆನ್ನುವುದು ಹೃದಯದ್ದೋ, ಪಿತ್ತದ್ದೋ, ನರದ್ದೋ ಎಂದು ಕೆದಕಿ ಕೇಳಿ ಡಾಕ್ಟರಿಗೆ ಸರಿಯಾಗಿ ತಲುಪಿಸಬಲ್ಲವಳು ಇದೇ ಖಾನಾಪುರದ ಹುಡುಗಿ. ಈ ಶಕ್ತಿಗೆ ಪರೀಕ್ಷೆಯಲ್ಲಿ ಒಂದಂಕವೂ ಇಲ್ಲ. ಮೊದಲ ಆರು ತಿಂಗಳು ಇಂಗ್ಲಿಷನ್ನು ಗಂಭೀರವಾಗಿ ಕಲಿಸಿ, ಪಾಠವನ್ನು ಕನ್ನಡದಲ್ಲಿ, ಬೇಕಾದಲ್ಲಿ ಮರಾಠಿಯಲ್ಲಿ ಬಿಡಿಸಿ ಹೇಳುವ ಕಾಲೇಜು ಸಿಕ್ಕರೆ ಅದೇ ಒಳ್ಳೆಯ ಕಾಲೇಜು. ಇಂಗ್ಲಿಷ್ ಬೇಡವೆನ್ನಲು ಬಾರದು: ಔಷಧದ ಚೀಟಿ, ಡೋಸು, ದಾಖಲೆ ಎಲ್ಲ ಅದರಲ್ಲೇ ಇವೆ, ಒಂದು ಚುಕ್ಕೆ ತಪ್ಪಿದರೂ ಪ್ರಾಣಕ್ಕೆ ಬರುತ್ತದೆ.

ಖಾನಾಪುರಕ್ಕೆ ಈ ಹುಡುಗಿಯರು ಯಾಕೆ ಬೇಕು ಎನ್ನುವುದಕ್ಕೆ ಮಳೆಗಾಲದಲ್ಲಿ ಭೀಮಗಡದ ಕಾಡಿನ ಊರುಗಳ ಕಡೆ ನೋಡಬೇಕು. ಗವಾಳಿ, ಕೊಂಗಳಾ, ತಳೇವಾಡಿ, ಆಮಗಾಂವಗಳಲ್ಲಿ ಹಳ್ಳ ಬಂತೆಂದರೆ ದಾರಿ ಕಡಿಯುತ್ತದೆ. 2024ರ ಜುಲೈ ಮಳೆಯಲ್ಲಿ ಆಮಗಾಂವದಿಂದ ಕಾಯಿಲೆಯ ಹೆಂಗಸೊಬ್ಬರನ್ನು ಊರವರು ಕಟ್ಟಿಗೆಯ ಸ್ಟ್ರೆಚರಿನ ಮೇಲೆ ಕಾಡುಹಾದಿಯಲ್ಲಿ ಹೊತ್ತು ತಂದದ್ದನ್ನು ರಾಜ್ಯವೆಲ್ಲ ಕಂಡಿದೆ. ನಿಯಮದ ಪ್ರಕಾರ ಬಯಲುಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರ. ಜನ ವಿರಳವಾದ ಕಾಡಿನಲ್ಲಿ ಆ ಮೂರು ಸಾವಿರ ಜನ ಎಷ್ಟು ಹಳ್ಳ ದಾಟಿ ಹರಡಿದ್ದಾರೆ ಎಂಬುದನ್ನು ನಿಯಮ ಕೇಳುವುದಿಲ್ಲ. ಅಲ್ಲಿಗೆ ಹೊರಗಿನಿಂದ ನೇಮಕವಾದವರು ವರ್ಗಾವಣೆಯ ಅರ್ಜಿ ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ, ಅವರನ್ನು ದೂರಿ ಫಲವಿಲ್ಲ. ಆ ಊರಿನ ಹುಡುಗಿಯೇ ಎಎನ್‌ಎಂ ಆದರೆ ಹಾದಿ, ಮನೆ, ಮಾತು ಎಲ್ಲ ಅವಳದೇ. ಈಗ ಬಿಎಸ್ಸಿ ಓದಿದವರಿಗೂ ಹಳ್ಳಿಯಲ್ಲಿ ಹುದ್ದೆ ಹುಟ್ಟಿದೆ. 2018ರ ಆಯುಷ್ಮಾನ್ ಭಾರತದ ನಂತರ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೂರುತ್ತಾರೆ. ಬಿಪಿ, ಸಕ್ಕರೆ ಕಾಯಿಲೆ ನೋಡಿ ಔಷಧ ಮುಂದುವರಿಸುತ್ತಾರೆ. ಎಎನ್‌ಎಂಗಳ ಹುದ್ದೆಗೂ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರು ಬಂದಿದೆ. ಹೆಸರು ದೊಡ್ಡದಾಯಿತು, ಗುತ್ತಿಗೆಯ ತೂಗುಗತ್ತಿ ಮಾತ್ರ ಬಹಳ ಜನರ ತಲೆಯ ಮೇಲೆ ಹಾಗೇ ಇದೆ. 2023ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ವಾರಗಟ್ಟಲೆ ಮುಷ್ಕರ ಕೂತದ್ದು ಇದಕ್ಕೇ.

ಖಾಸಗಿಯಲ್ಲಿ ಸಂಬಳದ ಮಾತು ಇನ್ನೂ ಕಹಿ. ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದ್ದರಿಂದ ಕೇಂದ್ರ ನೇಮಿಸಿದ ಸಮಿತಿ, ಐವತ್ತು ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕು, ಇನ್ನೂರು ಹಾಸಿಗೆ ಮೀರಿದರೆ ಸರ್ಕಾರಿ ನರ್ಸಿನ ಸರಿಸಮ ಕೊಡಬೇಕು ಎಂದು ಶಿಫಾರಸು ಮಾಡಿತು. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಅದರ ಪಾಲನೆ ಅಪರೂಪ. ನಾಲ್ಕು ವರ್ಷ ಓದಿ, ರಾತ್ರಿ ಪಾಳಿ ಮಾಡಿ, ರವಿವಾರ ಪೇಟೆಯ ಅಂಗಡಿಯ ಲೆಕ್ಕಿಗನಿಗಿಂತ ಕಡಿಮೆ ಸಂಬಳ ಪಡೆಯುವ ಹುಡುಗಿಯರಿದ್ದಾರೆ. ಇದು ಅನ್ಯಾಯ.

ಅದಕ್ಕೇ ವಿಮಾನ ಹತ್ತುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿಗೆ ಇನ್ನೂ 58 ಲಕ್ಷ ನರ್ಸುಗಳು ಬೇಕು. ಅಮೆರಿಕಕ್ಕೆ ಎನ್‌ಸಿಎಲ್‌ಇಎಕ್ಸ್, ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಅಲ್ಲಿನ ಕೌಶಲ ಪರೀಕ್ಷೆ, ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಭಾಷೆ ಬೇಕು. ಕೊಲ್ಲಿ ರಾಷ್ಟ್ರಗಳಿಗೆ ಹೊರಟವರು ಒಂದನ್ನು ಮರೆಯಬಾರದು: 2015ರಿಂದ ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ವಲಸೆ ಅನುಮತಿ ಕಡ್ಡಾಯ, ನೇಮಕ ಸರ್ಕಾರ ಗೊತ್ತುಮಾಡಿದ ಸಂಸ್ಥೆಗಳ ಮೂಲಕವೇ ಆಗಬೇಕು. ಬೀದಿಯ ಏಜೆಂಟ್ ಕೊಟ್ಟ ವಿಸಿಟ್ ವೀಸಾ ನಂಬಿ ಹೋಗಬಾರದು. ಇಂಥ ಎಷ್ಟೋ ದೇಶಗಳು ಎಲ್ಲಿ, ಎಷ್ಟು ತಾಸು, ಯಾವ ವಾರ್ಡಿನಲ್ಲಿ ಕೆಲಸ ಕಲಿತೆ ಎಂದು ದಾಖಲೆ ಕೇಳುತ್ತವೆ. ಸುಳ್ಳು ಕೇಸ್‌ಬುಕ್ ಅಲ್ಲಿ ನಿಲ್ಲುವುದಿಲ್ಲ.

ಪೇಟೆಯಲ್ಲಿ ಕೇಳುವ ತಂದೆ-ತಾಯಂದಿರಿಗೆ ಹೇಳುವುದು ಇಷ್ಟು. ಹುಡುಗಿ ವಿಜ್ಞಾನ ಓದಿದ್ದು, ನಾಲ್ಕು ವರ್ಷ ನಡೆಸುವ ಶಕ್ತಿ ಮನೆಗಿದ್ದರೆ ಬಿಎಸ್ಸಿ. ಕಲೆ ಅಥವಾ ವಾಣಿಜ್ಯವಾದರೆ ಜಿಎನ್‌ಎಂ. ಪದವಿಯ ದಾರಿ ಮುಂದೆ ಇದ್ದೇ ಇದೆ. ಊರಲ್ಲೇ ಇದ್ದು ಊರಿಗೆ ದುಡಿಯುವ ಮನಸ್ಸಿದ್ದರೆ ಎಎನ್‌ಎಂ, ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಹುಡುಗ ಬ್ರದರ್ ಆಗುತ್ತೇನೆಂದರೆ ಅಡ್ಡಬರಬೇಡಿ. ಯಾವುದಕ್ಕೇ ಆಗಲಿ, ಫೀ ಕಟ್ಟುವ ಮುಂಚೆ ಕಾಲೇಜಿನವರಿಗೆ ಮೂರು ಮಾತು ಕೇಳಿ: ನಿಮ್ಮ ಆಸ್ಪತ್ರೆ ಎಲ್ಲಿದೆ, ಅಲ್ಲಿ ಹೋದ ತಿಂಗಳು ಎಷ್ಟು ಹೆರಿಗೆ ಆದವು, ಕೊನೆಯ ವರ್ಷದ ಮಕ್ಕಳ ಜೊತೆ ಹತ್ತು ನಿಮಿಷ ಮಾತಾಡಲು ಬಿಡುತ್ತೀರಾ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಹಾಗೆಯೇ ಸರ್ಕಾರಕ್ಕೊಂದು ಬೇಡಿಕೆ: ಬೆಳಗಾವಿಯ ನರ್ಸಿಂಗ್ ವಿದ್ಯಾರ್ಥಿಗಳ ಸಮುದಾಯ ತರಬೇತಿಯನ್ನು ನಗರದ ಸುತ್ತಲಿನ ಅನುಕೂಲದ ಹಳ್ಳಿಗಳಲ್ಲಿ ಮುಗಿಸದೆ ಖಾನಾಪುರ ತಾಲೂಕು ಆಸ್ಪತ್ರೆಗೆ, ಕಣಕುಂಬಿ, ಜಾಂಬೋಟಿ, ಲೋಂಡಾ ಭಾಗಗಳಿಗೆ ಒಯ್ಯಬೇಕು, ಉಳಿಯಲು ವಸತಿ, ಜೊತೆಗೆ ಒಬ್ಬ ಅನುಭವಿ ಶಿಕ್ಷಕಿಯನ್ನು ಕೊಡಬೇಕು, ಕಾಡಂಚಿನ ಊರುಗಳ ಹೆಣ್ಣುಮಕ್ಕಳಿಗೆ ಎಎನ್‌ಎಂ ಸೀಟು, ಹಾಸ್ಟೆಲ್, ಓದಿದ ಮೇಲೆ ಅದೇ ಭಾಗದಲ್ಲಿ ಕಾಯಂ ನೌಕರಿ ಮೀಸಲಿಡಬೇಕು. ಇದೇ ಜಿಲ್ಲೆಯ 25 ಎಎನ್‌ಎಂಗಳು ಮಾಡಿ ತೋರಿಸಿದ್ದನ್ನು ಜಗತ್ತು ಒಪ್ಪಿದೆ. ನಮ್ಮ ಆರೋಗ್ಯ ಇಲಾಖೆಯೂ ಅದನ್ನು ಒಪ್ಪಿ ನಡೆಯಲಿ.